ಮೂಗು, ಕಿವಿ, ಪಾದಗಳು ಗುರುತಿಸುವ ದೇವರಾಜ ಮಾರುಕಟ್ಟೆ

ಪ್ರಶ್ನೆ:
ಗ್ಲಾಕೋಮಾದಿಂದ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡಿರುವ ನನ್ನ ತಂದೆಯವರು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬಿಳಿಕೋಲು ಹಿಡಿದು ಒಬ್ಬರೇ ಓಡಾಡುತ್ತಾರೆ. ಮಲ್ಲಿಗೆಯ ಘಮ ತಗ್ಗಿ ಮಾಗಿದ ಬಾಳೆಯ ವಾಸನೆ ಏರಿತೆಂದರೆ ಯಾವ ಸಾಲಿಗೆ ಬಂದೆವೆಂದು, ನೀರು ಚಿಮುಕಿಸಿದ ವೀಳ್ಯದೆಲೆ ಅಂಗಡಿಯ ಮುಂದಿನ ಒದ್ದೆ ನೆಲ ಪಾದಕ್ಕೆ ತಗುಲಿದರೆ ತಿರುವು ಹತ್ತಿರವಾಯಿತೆಂದು ಅವರಿಗೆ ತಿಳಿಯುತ್ತದೆ. ಆದರೆ ಎಲ್ಲೂ ಎಡವುವ ಭಯವಿಲ್ಲದ, ನುಣುಪಾದ ನೆಲದ ಹೊಸ ಮಾಲ್ ಒಂದರಲ್ಲಿ ಅವರು ನನ್ನ ತೋಳು ಬಿಡಲೇ ಇಲ್ಲ. ಇದಕ್ಕೆ ಕಾರಣವೇನು? 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಕುಸಿದಂದಿನಿಂದ ಅದನ್ನು ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ನಡೆದಿದೆ; ಅದರಲ್ಲಿ ಈ ಸಂಗತಿಗೆ ಸ್ಥಾನವಿರಬೇಡವೇ?

ಉತ್ತರ 1:
ತಮ್ಮ ತಂದೆಯವರು ಕಿವಿಯಿಂದಲೂ ದಾರಿ ಅಳೆಯುತ್ತಿರಬೇಕು. ಇಕ್ಕಟ್ಟಾದ ಸಾಲಿನಲ್ಲಿ ಕೋಲಿನ ಸದ್ದು ಎರಡೂ ಬದಿಗಳಿಂದ ಬೇಗನೆ ಮರಳುತ್ತದೆ. ಅಡ್ಡದಾರಿ ಬಂದ ಕೂಡಲೇ ಒಂದು ಬದಿಯ ಸದ್ದು ತೆಳುವಾಗಿ, ಆ ಕಡೆಯಿಂದ ಗಾಳಿಯೂ ಮುಖಕ್ಕೆ ಸೋಕುತ್ತದೆ. ಮಾಲಿನ ಎತ್ತರದ ನಡುಅಂಗಳದಲ್ಲಿ ಗಾಜು ಮತ್ತು ಕಲ್ಲಿಗೆ ಬಡಿದ ಸದ್ದು ಎಲ್ಲ ದಿಕ್ಕುಗಳಿಂದ ಕಲಸಿಕೊಂಡು ಬರುತ್ತದೆ. ಹವಾನಿಯಂತ್ರಣವು ವಾಸನೆಗಳನ್ನೂ ಒಂದೇ ಮಾಡಿಬಿಡುತ್ತದೆ.

ಉತ್ತರ 2:
ಒಪ್ಪುತ್ತೇನೆ, ಆದರೆ ಹಳೆಯ ಮಾರುಕಟ್ಟೆ ಎಲ್ಲರಿಗೂ ಸುಲಭವೆಂದು ಭಾವಿಸಬಾರದು. ದಶಕಗಳ ಅಭ್ಯಾಸವಿಲ್ಲದವರಿಗೆ ಅದೇ ಒದ್ದೆ ನೆಲ ಜಾರುವ ಅಪಾಯ. ಗೌರಿ ಹಬ್ಬದ ಹಿಂದಿನ ದಿನ ಹೂವು ಎಲ್ಲ ಕಡೆ ಹರಡಿದಾಗ ವಾಸನೆಯ ಗುರುತು ಕೆಲಸಕ್ಕೆ ಬರುವುದಿಲ್ಲ. ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಶಬ್ದ 65 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ಮಾರುಕಟ್ಟೆಯ ಪಕ್ಕದ ಸಯ್ಯಾಜಿರಾವ್ ರಸ್ತೆಯ ಹಾರ್ನ್‌ಗಳ ನಡುವೆ ಕೋಲಿನ ಮರುದನಿ ಯಾರಿಗೆ ಕೇಳಿಸೀತು?

ಉತ್ತರ 3:
ಇಂಥ ಕಡೆ ಪಾದಕ್ಕೆ ನಿಶ್ಚಿತವಾದ ಗುರುತು ಬೇಕಾಗುತ್ತದೆ. ಜಪಾನಿನ ಸೇಇಚಿ ಮಿಯಾಕೆ ದೃಷ್ಟಿಹೀನರಿಗಾಗಿ ರೂಪಿಸಿದ ಉಬ್ಬು ನೆಲಹಾಸುಗಳನ್ನು 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಕಲಾಯಿತು. ಉದ್ದ ಗೆರೆಗಳಿದ್ದರೆ ಮುಂದೆ ನಡೆಯಬಹುದು, ಗುಂಡು ಉಬ್ಬುಗಳಿದ್ದರೆ ನಿಂತು ಗಮನಿಸಬೇಕು. ನಮ್ಮ ಪಾದಚಾರಿ ಮಾರ್ಗಗಳಲ್ಲೂ ಅಂಥ ಹಾಸುಗಳ ಹಳದಿ ಪಟ್ಟಿ ಕಾಣುತ್ತದೆ, ಆದರೆ ಎಷ್ಟೋ ಕಡೆ ಅದು ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟುತ್ತದೆ. ಹಾಸಿದವರು ಒಮ್ಮೆ ಕಣ್ಣು ಮುಚ್ಚಿ ಅದರ ಮೇಲೆ ನಡೆದಿದ್ದರೆ ಹೀಗಾಗುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಕಟ್ಟಡವನ್ನು ದುರಸ್ತಿ ಮಾಡಲಿ, ಹೊಸದಾಗಿಯೇ ಕಟ್ಟಲಿ, ಮುಂಭಾಗದ ಕಮಾನುಗಳಷ್ಟೇ ಮುಖ್ಯವಾಗಿ ಹೂವು, ಹಣ್ಣು, ಎಲೆ, ಕುಂಕುಮದ ಸಾಲುಗಳ ಕ್ರಮವೂ ಉಳಿಯಬೇಕೆಂದು ನಾನು ಈಗ ಇನ್ನಷ್ಟು ದೃಢವಾಗಿ ನಂಬುತ್ತೇನೆ. ತಂದೆಯವರೊಂದಿಗೆ ನಡೆದು, ಅವರು ಎಲ್ಲೆಲ್ಲಿ ಯಾವ ಗುರುತು ಹಿಡಿಯುತ್ತಾರೆಂಬುದನ್ನು ನಕ್ಷೆಯ ಮೇಲೆ ಬರೆದುಕೊಳ್ಳುತ್ತೇನೆ: ಸಾಮಾನ್ಯ ದಿನದ ಬೆಳಿಗ್ಗೆ ಒಮ್ಮೆ, ಹಬ್ಬದ ಹಿಂದಿನ ದಿನ ಇನ್ನೊಮ್ಮೆ.