ಸಾರ್ಡೀನಿಯಾದ ಮರಳು, ನಮ್ಮ ಮನೆಯ ಗಿಂಡಿ

ಸುಮಕ್ಕ ಮತ್ತು ಭಾವ ಮದುವೆಯ 25ನೇ ವರ್ಷಕ್ಕೆ ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಹೊರಟಿದ್ದಾರೆ. ಅದೂ ಕೋಸ್ಟಾ ಸ್ಮೆರಾಲ್ಡಾಕ್ಕೆ. 1960ರ ದಶಕದಲ್ಲಿ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಕಟ್ಟಿ ಬೆಳೆಸಿದ, ಹಣವಂತರ ಕರಾವಳಿ ಅದು. ಆಗಸ್ಟ್‌ನಲ್ಲಿ ಒಂದು ರಾತ್ರಿಗೆ ಲಕ್ಷ ದಾಟುವ ಹೋಟೆಲುಗಳಿವೆ. ಸುದ್ದಿ ಮನೆಯವರ ವಾಟ್ಸಾಪ್ ಗುಂಪಿಗೆ ಬಿದ್ದ ಮೇಲೆ ಯಾರಾದರೂ ಏನಾದರೂ ಹಾಕಲೇಬೇಕಿತ್ತು. ಚಿಕ್ಕಪ್ಪ ಹಾಕಿದರು.

ಚಿಕ್ಕಪ್ಪ: ⚠️ ಎಚ್ಚರ! ಸಾರ್ಡೀನಿಯಾ ಬೀಚಿಗೆ ಟವೆಲ್ ತಂದರೆ ಜೈಲು!! ಕಾಲಿಗೆ ಅಂಟಿದ ಮರಳಿಗೂ 3 ಲಕ್ಷ ದಂಡ!! ಬಂಧುಗಳಿಗೆಲ್ಲ ತಿಳಿಸಿ.

ಚಿಕ್ಕಪ್ಪ: ಸುಮಾ, ಸುಮ್ನೆ ಹಾಕಿದೆ. ಹೋಗಬೇಡ ಅಂತ ಅಲ್ಲ.

ಅತ್ತೆ: ಅಯ್ಯೋ, ಟವೆಲ್ ಇಲ್ಲದೆ ಮೈ ಒರೆಸಿಕೊಳ್ಳುವುದು ಹೇಗೆ? ಸೆರಗಿನಲ್ಲಾ?

ಪ್ರಶಾಂತ: ಚಿಕ್ಕಪ್ಪ, ಇದು ಯಾವ ಪತ್ರಿಕೆಯಲ್ಲಿ ಬಂದಿದೆ? ದಿನಾಂಕ ಏನು?

ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂದಿದ್ದು. ಹಾಕಿದವರು ರಿಟೈರ್ಡ್ ಜಡ್ಜ್.

ಪ್ರಶಾಂತ ಮ್ಯೂನಿಕ್‌ನಲ್ಲಿದ್ದಾನೆ. ದೊಡ್ಡಪ್ಪನ ಮಗ. ಅಲ್ಲಿಗೆ ಹೋದ ಮೇಲೆ ಅವನ ಮೆಸೇಜುಗಳು ಉದ್ದವಾಗಿವೆ, ಆದರೆ ಹೇಳುವುದು ಸರಿಯಾಗಿಯೇ ಇರುತ್ತದೆ.

ಪ್ರಶಾಂತ: ಟವೆಲ್ ನಿಯಮ ಇಡೀ ದ್ವೀಪಕ್ಕಲ್ಲ. ಲಾ ಪೆಲೋಸಾದಂಥ ಕೆಲವು ಬೀಚುಗಳಿಗೆ ಮಾತ್ರ. ಒದ್ದೆ ಟವೆಲಿಗೆ ಮರಳು ಅಂಟಿಕೊಂಡು ಹೋಗಿ ಹೋಗಿ ಬೀಚು ಸವೆಯುತ್ತಿದೆ. ಅದಕ್ಕೇ ಟವೆಲ್ ಕೆಳಗೆ ಚಾಪೆ ಹಾಸಬೇಕು. ಲಾ ಪೆಲೋಸಾಕ್ಕೆ ಬೇಸಿಗೆಯಲ್ಲಿ ದಿನಕ್ಕೆ 1,500 ಜನರನ್ನಷ್ಟೇ ಬಿಡುತ್ತಾರೆ. ತಲೆಗೆ ಮೂರೂವರೆ ಯೂರೋ, ಮೊದಲೇ ಬುಕ್ ಮಾಡಬೇಕು. ಟವೆಲಿಗೆ ಜೈಲು ಇಲ್ಲ. ಮರಳು, ಚಿಪ್ಪು, ಬೆಣಚುಕಲ್ಲು ಕದ್ದು ಒಯ್ದರೆ ಮಾತ್ರ 2017ರ ಕಾನೂನಿನಂತೆ 500ರಿಂದ 3,000 ಯೂರೋ ದಂಡ. ಕಾಲಿಗೆ ಅಂಟಿದ್ದಕ್ಕಲ್ಲ.

ಚಿಕ್ಕಪ್ಪ: 3,000 ಯೂರೋ ಅಂದರೆ ಸುಮಾರು 3 ಲಕ್ಷವೇ ಆಯಿತಲ್ಲ! ನೋಡಿ, ಜರ್ಮನಿಯವನೂ ಒಪ್ಪಿದ.

ಪ್ರಶಾಂತ: ನಾನು ಒಪ್ಪಿದ್ದು ಅದೊಂದೇ ಅಂಕಿ.

ಚಿಕ್ಕಪ್ಪ: ಒಪ್ಪಿದೆ ಅಲ್ವಾ? ಸಾಕು.

ರಾಜು: ನಮ್ಮೂರ ಹೊಳೆ ಮರಳು ರಾತ್ರೋರಾತ್ರಿ ಲಾರಿಗಟ್ಟಲೆ ಹೋಗುತ್ತದೆ. ಕೇಳುವವರಿಲ್ಲ. ಅಲ್ಲಿ ಒಂದು ಬಾಟಲಿಗೆ ಕೇಸ್ 😂

ಪ್ರಶಾಂತ: ಒಂದು ಬಾಟಲಿ ಅಲ್ಲ. 2019ರಲ್ಲಿ ಫ್ರಾನ್ಸಿನ ದಂಪತಿಯ ಕಾರಿನಲ್ಲಿ 14 ಬಾಟಲಿ ಸಿಕ್ಕಿತು. ಸುಮಾರು 40 ಕೆಜಿ. ಹಡಗು ಹತ್ತುವ ಮೊದಲು ಪೊಲೀಸರು ಹಿಡಿದರು.

ರಾಜು: 40 ಕೆಜಿ ಮರಳಿನಲ್ಲಿ ಏನು, ಕಾಂಪೌಂಡ್ ಕಟ್ಟುತ್ತಿದ್ದರಾ?

ದೊಡ್ಡಪ್ಪ: ಯಾರ ಮನೆಗೇ ಹೋದರೂ ಅವರ ವಸ್ತು ಎತ್ತಬಾರದು. ನಮ್ಮವರು ಹೋಟೆಲಿನ ಸೋಪನ್ನೂ ಬಿಡುವುದಿಲ್ಲ. ಇದು ಸಂಸ್ಕಾರದ ಪ್ರಶ್ನೆ 🙏

ಅತ್ತೆ: ಅಣ್ಣ, ಸೋಪಿನ ಮಾತು ಯಾರಿಗೆ ಹೇಳಿದ್ದು?

ದೊಡ್ಡಪ್ಪ: ಸಾಮಾನ್ಯವಾಗಿ ಹೇಳಿದೆ.

ಅತ್ತೆ: ಸಿಂಗಪುರದಿಂದ ಬಂದಾಗ ನಾನು ಕೊಟ್ಟ ಸೋಪನ್ನು ನಿಮ್ಮ ಮನೆಯಲ್ಲೇ ಜಾಸ್ತಿ ದಿನ ಬಳಸಿದ್ದು.

ಈ ಮಧ್ಯೆ ಸುಮಕ್ಕ ತನ್ನ ಪ್ರವಾಸದ ಬಗ್ಗೆಯೇ ಕೇಳಲು ನೋಡಿದಳು, ಪಾಪ.

ಸುಮಕ್ಕ: ಪ್ರಶಾಂತ, ಗುಲಾಬಿ ಮರಳಿನ ಬೀಚು ಅಲ್ಲೇ ಹತ್ತಿರ ಅಲ್ವಾ?

ಪ್ರಶಾಂತ: ಬುಡೆಲ್ಲಿ ದ್ವೀಪ. ಹತ್ತಿರವೇ. ಆದರೆ 1990ರ ದಶಕದಿಂದಲೇ ಆ ಬೀಚಿಗೆ ಕಾಲಿಡುವಂತಿಲ್ಲ. ದೋಣಿಯಲ್ಲಿ ಹೋಗಿ ದೂರದಿಂದ ನೋಡಬೇಕು. ಲಾ ಪೆಲೋಸಾ ಮಾತ್ರ ಸಾರ್ಡೀನಿಯಾದ ಇನ್ನೊಂದು ತುದಿ, ಕಾರಿನಲ್ಲಿ ಎರಡು ಗಂಟೆಗೂ ಮೇಲೆ. ಆಗಸ್ಟ್ ಬೇಡ ಅಕ್ಕ. 15ರಂದು ಫೆರಾಗೋಸ್ಟೊ ಹಬ್ಬ, ಇಟಲಿಯವರೆಲ್ಲ ಸಮುದ್ರದಲ್ಲೇ ಇರುತ್ತಾರೆ. ಸೆಪ್ಟೆಂಬರ್‌ನಲ್ಲಿ ನೀರೂ ಬೆಚ್ಚಗೆ, ರೇಟೂ ಕಡಿಮೆ.

ಚಿಕ್ಕಪ್ಪ: ಲಕ್ಷ ಕೊಟ್ಟು ದೂರದಿಂದ ನೋಡುವುದಾದರೆ ಯೂಟ್ಯೂಬ್ ಸಾಕಲ್ಲ.

ಸುಮಕ್ಕ: ಮಾವ, ದುಡ್ಡು ನಮ್ಮದು.

ಇಲ್ಲಿಗೆ ಎಲ್ಲರೂ ಸುಮ್ಮನಾಗುತ್ತಿದ್ದರೋ ಏನೋ. ಆದರೆ ರವಿ ಬಂದ. ಅವನಿಗೆ ಯಾವ ಮಾತು ಕೇಳಿದರೂ ಅಜ್ಜಿ ನೆನಪಾಗುತ್ತಾಳೆ.

ರವಿ: ಮರಳು ಅಂದ ಕೂಡಲೇ ಅಜ್ಜಿಯ ಕಾಶಿಯಾತ್ರೆ ನೆನಪಾಯಿತು ❤️ ರಾಮೇಶ್ವರದ ಮರಳನ್ನು ಗಂಟು ಕಟ್ಟಿಕೊಂಡು ಹೋಗಿ ಪ್ರಯಾಗದ ಸಂಗಮದಲ್ಲಿ ಬಿಟ್ಟಳು. ಬರುವಾಗ ಗಂಗೆ ತಂದಳು, ತಾಮ್ರದ ಗಿಂಡಿಯಲ್ಲಿ. ಆಗ ಯಾರೂ ದಂಡ ಕೇಳಲಿಲ್ಲ.

ದೊಡ್ಡಪ್ಪ: ಅದು ಭಕ್ತಿ. ಇದು ಮೋಜು.

ರವಿ: ಊರಿಗೆಲ್ಲ ಊಟ ಹಾಕಿದ್ದರು ಅಲ್ವಾ ದೊಡ್ಡಪ್ಪ? ಪಾಯಸ ಇನ್ನೂ ಬಾಯಲ್ಲೇ ಇದೆ.

ಅತ್ತೆ: ಆ ಗಿಂಡಿ ಈಗ ಯಾರ ಮನೆಯಲ್ಲಿದೆ?

ಗುಂಪಿನಲ್ಲಿ ಬಹಳ ಹೊತ್ತು ಯಾರೂ ಬರೆಯಲಿಲ್ಲ. ಎಲ್ಲರೂ ನೋಡಿದ್ದರು. ನೀಲಿ ಟಿಕ್ ಸುಳ್ಳು ಹೇಳುವುದಿಲ್ಲ.

ಚಿಕ್ಕಮ್ಮ: ನಮ್ಮ ಮನೆಯಲ್ಲಿ. ಅತ್ತೆಯವರೇ ಕೈಯಾರೆ ಕೊಟ್ಟಿದ್ದು, ಅತ್ತಿಗೆ.

ಅತ್ತೆ: ಕೊಟ್ಟಿದ್ದೋ, ಪಾಲಿನ ದಿನ ಗಡಿಬಿಡಿಯಲ್ಲಿ ಎತ್ತಿಟ್ಟಿದ್ದೋ?

ಚಿಕ್ಕಪ್ಪ: ಅಕ್ಕ, ಮಾತು ಸಾರ್ಡೀನಿಯಾದ್ದು.

ಅತ್ತೆ: ಮರಳು ಕದ್ದವರಿಗೆ ದಂಡ ಅಂತ ಹಾಕಿದವನು ನೀನೇ ಅಲ್ವಾ?

ದೊಡ್ಡಪ್ಪ: ಹಿರಿಯರ ವಸ್ತುವಿನ ಬಗ್ಗೆ ಫೋನಿನಲ್ಲಿ ಮಾತು ಬೇಡ 🙏

ಪ್ರಶಾಂತ: ಪಾಲುಪಟ್ಟಿಯಲ್ಲಿ ಗಿಂಡಿ ಬರೆದಿದೆಯಾ? ಫೋಟೋ ಹಾಕಿ.

ಇದಕ್ಕೂ ಆಧಾರ ಕೇಳಿದನಲ್ಲ ಮಹಾರಾಯ! ದೊಡ್ಡಪ್ಪ ಅವನಿಗೆ ಬೇರೆಯಾಗಿ ಫೋನ್ ಮಾಡಿ ಬೈದರಂತೆ. ಮರುದಿನ ಬೆಳಿಗ್ಗೆ ಸುಮಕ್ಕ ಮತ್ತೆ ಬರೆದಳು.

ಸುಮಕ್ಕ: ಸೆಪ್ಟೆಂಬರ್ ಎಂದು ನಿರ್ಧಾರ ಮಾಡಿದ್ದೇವೆ. ವೀಸಾಕ್ಕೆ 90 ಯೂರೋ, 30,000 ಯೂರೋ ಇನ್ಶೂರೆನ್ಸ್, ಎಲ್ಲ ವಿಚಾರಿಸಿ ಆಯಿತು. ಒಂದೇ ಪ್ರಶ್ನೆ. ಆ ಬೀಚಿಗೆ ಚಾಪೆ ಇಲ್ಲಿಂದಲೇ ಒಯ್ಯಬೇಕಾ?

ಚಿಕ್ಕಮ್ಮ: ನಮ್ಮ ಮನೆಯಲ್ಲಿ ಒಳ್ಳೆಯ ಚಾಪೆ ಇದೆ, ತೆಗೆದುಕೊಂಡು ಹೋಗು. ಗಿಂಡಿ ಮಾತ್ರ ಕೇಳಬೇಡ.