‘ಕಾರ್ಬೆಲ್’ ಮೋರಿಗೆ ಕನ್ನಡದಲ್ಲಿ ಏನನ್ನೋಣ? (ಮೊಹೆಂಜೊದಾರೊ ಫಲಕ, ತುರ್ತು)

ಪ್ರಶ್ನೆ:
ಶಾಲಾ ವಸ್ತುಪ್ರದರ್ಶನದ ಮೊಹೆಂಜೊದಾರೊ ಮಾದರಿಯ ಫಲಕ ನಾಳೆ ಅಚ್ಚಿಗೆ ಹೋಗಬೇಕು. ಸ್ನಾನದ ಕೊಳ 12 ಮೀ. ಉದ್ದ, 7 ಮೀ. ಅಗಲ, ಸುಮಾರು 2.4 ಮೀ. ಆಳ. ನೀರು ಬಿಡಲು ನೈಋತ್ಯ ಮೂಲೆಯಲ್ಲಿ ಕಿಂಡಿ, ಅದರಾಚೆ ಇಟ್ಟಿಗೆ ಚಾಚಿಸಿ ಮುಚ್ಚಿದ ಕಾಲುವೆ. ಇಂಗ್ಲಿಷಿನವರು ‘ಕಾರ್ಬೆಲ್ಡ್ ಡ್ರೈನ್’ ಅನ್ನುತ್ತಾರೆ. ‘ಕಮಾನು ಮೋರಿ’ ನಡೆದೀತೇ? ಎರಡು ಪದ ಮೀರುವಂತಿಲ್ಲ.

ಉತ್ತರ 1:
ನಡೆಯದು. ಕಮಾನು ಪಾರಸಿ, ಮೋರಿ ಬಡಗಣದಿಂದ ಬಂದದ್ದು. ತೂಬು ಇರುವಾಗ ಇವೇಕೆ? ಹಳಗನ್ನಡದ ತೂಂಬು, ತಮಿಳಿನ ತೂಂಬು ಒಂದೇ ಬೇರಿನವು. ಒಳಗೆ ಟೊಳ್ಳಿರುವುದು ಎಂದೇ ಅರ್ಥ. ‘ಚಾಚುತೂಬು’ ಹಾಕಿ.

ಉತ್ತರ 2:
ಕಮಾನು ಬೇಡ ನಿಜ, ಪಾರಸಿ ಎಂಬ ಕಾರಣಕ್ಕಲ್ಲ. ಕಟ್ಟುವ ಬಗೆಯೇ ಬೇರೆ. ಕಮಾನಿನಲ್ಲಿ ಬೆಣೆಯಾಕಾರದ ಇಟ್ಟಿಗೆಗಳು ಒಂದನ್ನೊಂದು ಅದುಮಿ ಭಾರವನ್ನು ಪಕ್ಕಕ್ಕೆ ತಳ್ಳುತ್ತವೆ; ಕಟ್ಟುವಾಗ ಕೆಳಗೆ ಸೆಂಟ್ರಿಂಗ್ ಕೊಡಬೇಕು. ಇಲ್ಲಿ ಇಟ್ಟಿಗೆ ಮಟ್ಟಸವಾಗಿಯೇ ಕೂರುತ್ತದೆ, ಪ್ರತಿ ವರಸೆ (ಇಟ್ಟಿಗೆಯ ಸಾಲು) ಕೆಳಗಿನದಕ್ಕಿಂತ ತುಸು ಮುಂದೆ. 7×14×28 ಸೆಂ.ಮೀ. ಇಟ್ಟಿಗೆಯನ್ನು ಉದ್ದಕ್ಕೆ ಒಳಚಾಚಿ, ಎರಡೂ ಕಡೆ ವರಸೆಗೆ 5 ಸೆಂ.ಮೀ. ಬಿಟ್ಟರೆ 60 ಸೆಂ.ಮೀ. ಬಾಯಿ ಆರನೇ ವರಸೆಗೆ ಕೂಡಿಕೊಳ್ಳುತ್ತದೆ. ಹಿಂಬದಿಗೆ ಭಾರ ಹೇರದೆ ಚಾಚುತ್ತ ಹೋದರೆ ವರಸೆ ಒಳಕ್ಕೆ ಮಗುಚುತ್ತದೆ.

ಬೆಣೆ ಇಟ್ಟಿಗೆ ಮೊಹೆಂಜೊದಾರೊದವರಿಗೆ ಗೊತ್ತಿತ್ತು, ಬಾವಿಯ ಸುತ್ತುಗೋಡೆಗೆ ಅದನ್ನೇ ಬಳಸಿದ್ದಾರೆ. ಮಲಗಿಸಿದ ಬಳೆಯನ್ನು ಅಷ್ಟು ಚೆನ್ನಾಗಿ ಕಟ್ಟಿದವರು ಅದನ್ನು ಎಬ್ಬಿಸಿ ನಿಲ್ಲಿಸಲಿಲ್ಲ. ಫಲಕದಲ್ಲಿ ‘ಕಮಾನು’ ಅಂದರೆ ಮಕ್ಕಳಿಗೆ ತಪ್ಪು ಕಲಿಸಿದ ಹಾಗೆ.

ತೂಬು ಅರ್ಧ ಸರಿ. ಕೊಳದ ಮೂಲೆಯ ಕಿಂಡಿಗೆ ಒಪ್ಪುತ್ತದೆ, ಕೆರೆಯ ತೂಬೂ ನೀರು ಬಿಡುವ ಬಾಯಿಯೇ. ಅದರಾಚೆಯದು ಮೋರಿ. ‘ಚಾಚುವರಸೆ ಮೋರಿ’ ಅನ್ನಿ.

ಉತ್ತರ 1:
ಅಂತೂ ಮೋರಿ ಬಿಡಲೊಲ್ಲಿರಿ.

ಉತ್ತರ 3:
ಹಾಗಾದರೆ ಇಟ್ಟಿಗೆಯನ್ನೂ ಬಿಡಿ. ಸಂಸ್ಕೃತದ ಇಷ್ಟಕಾ ಪ್ರಾಕೃತದ ಹಾದಿಯಲ್ಲಿ ಬಂದು ಇಟ್ಟಿಗೆಯಾಯಿತು. ಪ್ರಾಕೃತದ್ದಕ್ಕೆ ಮಣೆ, ಪಾರಸಿಯದಕ್ಕೆ ಬೇಲಿ, ಇದು ಯಾವ ನ್ಯಾಯ?

ಉತ್ತರ 1:
ಇಟ್ಟಿಗೆ ತದ್ಭವ, ನಮ್ಮ ಬಾಯಿಗೆ ಒಗ್ಗಿದೆ. ಕಮಾನು ಬಂದ ಹಾಗೇ ಇದೆ.

ಉತ್ತರ 3:
ಬಂದದ್ದು ಕಮಾನ್. ಕೊನೆಗೆ ಹತ್ತಿದ ಉಕಾರ ಯಾರದು?

ಪ್ರಶ್ನೆ ಕೇಳಿದವರು:
ಕಿಂಡಿಗೆ ‘ತೂಬು’, ಕಾಲುವೆಗೆ ‘ಚಾಚುವರಸೆ ಮೋರಿ’ ಎಂದು ಅಚ್ಚಿಗೆ ಕಳಿಸಿದೆ. ಮಾದರಿಯಲ್ಲಿ ಮೋರಿಯ ಮೇಲ್ಛಾವಣಿಯನ್ನು ದುಂಡಗೆ ಬಳಿದಿದ್ದರು. ಅದನ್ನು ಕೆರೆದು ಮೆಟ್ಟಿಲು ಮೆಟ್ಟಿಲಾಗಿ ಮಾಡಲು ಹೇಳಿದ್ದೇನೆ.