ಅಪ್‌ಡೇಟ್: ನೆಲಮಾಳಿಗೆವರೆಗೆ ಫೈಬರ್, ಮೇಲಕ್ಕೆ ತಾಮ್ರ. ಮೂರನೇ ಮಹಡಿ ಲೈನ್ ಸರಿಹೋಯ್ತು

ನಾನು ಇಲ್ಲಿ ಮೊದಲು ಕೇಳಿದ್ದು ಇಷ್ಟು: ಜಯನಗರದ ಹಳೇ ಅಪಾರ್ಟ್‌ಮೆಂಟಲ್ಲಿ ಜಿಪಾನ್‌ನಿಂದ (ಫೈಬರ್ ಇಂಟರ್ನೆಟ್) ವಿಡಿಎಸ್‌ಎಲ್2 (ಫೋನಿನ ತಾಮ್ರದ ವೈರಿನಲ್ಲಿ ಇಂಟರ್ನೆಟ್ ಸಾಗಿಸುವ ವಿಧಾನ), 17ಎ ಪ್ರೊಫೈಲ್ (ಸುಮಾರು 17 ಮೆಗಾಹರ್ಟ್ಸ್‌ವರೆಗೆ ಬಳಸುವ ಬಗೆ), ಮೂರನೇ ಮಹಡಿಗೆ ಮಾತ್ರ ವೇಗ ಅರ್ಧ, ಯಾಕೆ?

ಫೈಬರ್ ಕಡೆ ತಪ್ಪಿರಲಿಲ್ಲ. ಬರುತ್ತಿದ್ದ ಬೆಳಕಿನ ಬಲ ಮೈನಸ್ 21 ಡಿಬಿಎಂ; ಬಿ ಪ್ಲಸ್ ದರ್ಜೆಯ ಜಿಪಾನ್‌ಗೆ ಮೈನಸ್ 27ರವರೆಗೆ ಕುಗ್ಗಿದರೂ ನಡೆಯುತ್ತದೆ. ಉತ್ತರಿಸಿದ ನೀವು ಹೇಳಿದಂತೆ ಬ್ರಿಡ್ಜ್ ಟ್ಯಾಪೇ (ಲೈನಿನಿಂದ ಕವಲೊಡೆದು ಬಳಕೆಯಿಲ್ಲದೆ ಉಳಿದ ವೈರ್) ಕಳ್ಳ. ಹಳೇ ಪ್ಯಾರಲಲ್ ಫೋನಿನ ಸುಮಾರು 6 ಮೀಟರ್ ವೈರ್ ಗೋಡೆಯೊಳಗೆ ತುದಿ ತೆರೆದು ಬಿದ್ದಿತ್ತು. ಅದರೊಳಗೆ ಹೋಗಿ ಮರಳಿದ ಸಿಗ್ನಲ್ 8 ಮೆಗಾಹರ್ಟ್ಸ್ ಆಸುಪಾಸು ಉಲ್ಟಾ ಫೇಸಿನಲ್ಲಿ ಬಂದು ಮೂಲವನ್ನೇ ನುಂಗುತ್ತದೆ. ಮೋಡೆಮ್‌ನ ಬಿಟ್ ಲೋಡಿಂಗ್ ಗ್ರಾಫಿನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಡೇಟಾ ಹೋಗುತ್ತಿದೆ ಎಂದು ತೋರಿಸುವುದು) ಅಲ್ಲೇ ಗುಂಡಿ. ಫೋನಿನ ದನಿಗೆ ಇದು ತಟ್ಟುವುದೇ ಇಲ್ಲ, ಹಾಗಾಗಿ ಇಷ್ಟು ದಿನ ಅಡಗಿತ್ತು. ಟ್ಯಾಪನ್ನು ಕವಲೊಡೆಯುವ ಜಾಯಿಂಟಲ್ಲೇ ಕತ್ತರಿಸಬೇಕು, ಫೋನ್ ತುದಿ ಕಿತ್ತರೆ ಪ್ರಯೋಜನವಿಲ್ಲ. ಕತ್ತರಿಸಿದ ಮೇಲೆ ಗುಂಡಿ ಮುಚ್ಚಿದೆ.

ವೆಕ್ಟರಿಂಗ್ (ಪಕ್ಕದ ಲೈನುಗಳಿಂದ ಸೋರುವ ಸಿಗ್ನಲ್, ಅಂದರೆ ಕ್ರಾಸ್‌ಟಾಕನ್ನು ಅಳಿಸುವ ತಂತ್ರ) ಸದ್ಯಕ್ಕೆ ಬೇಡ: ಮಹಡಿಗಳಿಗೆ ಏರುವ ಅದೇ ರೈಸರ್ ಕೇಬಲ್ಲಿನಲ್ಲಿ ಬೇರೆ ಡಿಸ್ಲ್ಯಾಮ್‌ನ (ಹಲವು ಡಿಎಸ್‌ಎಲ್ ಲೈನುಗಳನ್ನು ನಡೆಸುವ ಪೆಟ್ಟಿಗೆ) ಎರಡು ಜೋಡಿ ವೈರ್ ಇವೆ, ಅವುಗಳ ಕ್ರಾಸ್‌ಟಾಕನ್ನು ವೆಕ್ಟರಿಂಗ್ ಅಳಿಸಲಾರದು.